ಇನ್ನೂರ ಹದಿಮೂರನೆಯ ಸುತ್ತು

ನಾನು ಒಂದು ವೈರ್‌ಲೆಸ್ ಸೆಟ್. ಹಾಡು, ವಾರ್ತೆ ಹೇಳುವ ರೇಡಿಯೊ ಅಲ್ಲ. ಇಲ್ಲಿ ಒಬ್ಬರು ಆಡಿದ ಮಾತನ್ನು ದೂರದಲ್ಲಿರುವ ಇನ್ನೊಬ್ಬರಿಗೆ ಮುಟ್ಟಿಸುವುದು, ಅವರು ತಿರುಗಿ ಹೇಳಿದ್ದನ್ನು ಇವರಿಗೆ ಕೇಳಿಸುವುದು ನನ್ನ ಕೆಲಸ. ನನ್ನ ಹೊಟ್ಟೆಯೊಳಗೆ ಒಂಬತ್ತು ಗಾಜಿನ ವಾಲ್ವುಗಳಿವೆ. ಅವು ಬಿಸಿಯಾಗುವವರೆಗೆ ನಾನು ಬಾಯಿ ಬಿಡುವುದಿಲ್ಲ. ಸ್ವಿಚ್ ಹಾಕಿದವರು ಅರ್ಧ ನಿಮಿಷವಾದರೂ ಕಾಯಬೇಕು. ಕಾಯಲಾರದವರು ನನ್ನನ್ನು ಸೋಮಾರಿ ಎಂದು ಬೈದಿದ್ದಾರೆ. ಕರೆಂಟು ಇಲ್ಲದಾಗಲೂ ನನಗೆ ಎಲ್ಲ ಕೇಳಿಸುತ್ತದೆ. ಹೇಳಲು ಮಾತ್ರ ಆಗುವುದಿಲ್ಲ.

ನಾನು ಹುಟ್ಟಿದ್ದು ಅಮೆರಿಕದ ಒಂದು ಚಳಿಯ ಊರಿನ ಕಾರ್ಖಾನೆಯಲ್ಲಿ. ಅಲ್ಲಿ ಉದ್ದನೆಯ ಮೇಜಿನ ಎರಡೂ ಬದಿ ಹೆಂಗಸರು ಕುಳಿತು ತಂತಿಗೆ ತಂತಿ ಬೆಸೆಯುತ್ತಿದ್ದರು. ನನ್ನನ್ನು ಬೆಸೆದವಳಿಗೆ ಆ ದಿನ ಶೀತವಾಗಿತ್ತು. ಅವಳು ಸೀನಿದಾಗ ಕೈ ಅಲುಗಿ, ಬೆಸುಗೆಯ ಒಂದು ಹನಿ ಬೇಡದ ಜಾಗದಲ್ಲಿ ಬಿದ್ದು ಗಟ್ಟಿಯಾಯಿತು. ಕೆಲಸಕ್ಕೇನೂ ತೊಂದರೆ ಇರಲಿಲ್ಲವಾದ್ದರಿಂದ ಹಾಗೇ ಬಿಟ್ಟಳು. ಅದು ನನ್ನ ಮೈಮೇಲೆ ಮಚ್ಚೆಯಂತೆ ಈಗಲೂ ಇದೆ.

ಮೊದಲು ಒಬ್ಬ ಲಾರಿ ಡ್ರೈವರ್ ನನ್ನನ್ನು ಮನೆಯಲ್ಲಿಟ್ಟುಕೊಂಡಿದ್ದ. ನನ್ನದೇ ಜಾತಿಯ ಇನ್ನೊಂದು ಸೆಟ್ಟು, ಬ್ಯಾಟರಿಯಿಂದ ನಡೆಯುವಂಥದ್ದು, ಅವನ ಲಾರಿಯಲ್ಲಿತ್ತು. ಅದನ್ನು ನಾನು ಅವಳಿ ಎಂದೇ ಕರೆಯುತ್ತೇನೆ. ಕೆಲವು ವರ್ಷಗಳಾದ ಮೇಲೆ ಅಂಗೈಯಗಲದ ಹೊಸ ಸೆಟ್ಟುಗಳು ಬಂದವು. ಡ್ರೈವರ್ ನಮ್ಮಿಬ್ಬರನ್ನೂ ಬಂದರಿನ ಹಳೆ ಸಾಮಾನಿನ ಅಂಗಡಿಗೆ ಕೊಟ್ಟ. ಅಲ್ಲಿ ನಮ್ಮನ್ನು ಕೊಂಡವನು ಕುಂದಾಪುರದ ಕಡೆಯ ದಾಸು. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು.

ದಾಸು ನಮ್ಮನ್ನು ತಂದದ್ದು ಅಕ್ಕ ಗುಲಾಬಿಗಾಗಿ, ಭಾವ ಹೆರಿಯಣ್ಣನಿಗಾಗಿ. ಹೆರಿಯಣ್ಣ ಮೀನುಗಾರಿಕೆಯ ಬೋಟಿನ ತಾಂಡೇಲ. ಅಂದರೆ ಬೋಟು ಅವನ ಮಾತಿನಂತೆ ನಡೆಯಬೇಕು. ಪರವಾನಗಿ ಕಾಗದಕ್ಕಾಗಿ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ ಮೇಲೆ ದಾಸು ಅವಳಿಯನ್ನು ಬೋಟಿನಲ್ಲಿಟ್ಟ. ನನ್ನನ್ನು ಗುಡ್ಡೆಯ ಮೇಲಿದ್ದ ಅವರ ಮನೆಯಲ್ಲಿಟ್ಟು ತೆಂಗಿನ ಮರದ ತುದಿಗೆ ಏರಿಯಲ್ ಕಟ್ಟಿದ. ನನ್ನ ಜೊತೆಗೆ ಒಂದು ಕೆಂಪು ಕಬ್ಬಿಣದ ಪೆಟ್ಟಿಗೆಯೂ ಬಂದಿತ್ತು. ನನ್ನ ಊರಿನ ಕರೆಂಟು ಈ ಊರಿನ ಕರೆಂಟಿನ ಅರ್ಧದಷ್ಟೇ. ಈ ಕರೆಂಟನ್ನು ತಗ್ಗಿಸಿ ನನಗೆ ಕುಡಿಸುವುದು ಆ ಪೆಟ್ಟಿಗೆಯ ಕೆಲಸ.

"ಭಾವಾ, ಇದನ್ನ ಸೀದಾ ಗ್ವಾಡಿಗೆ ಚುಚ್ಚುಕಾಗ. ಕೆಂಪು ಪೆಟ್ಗಿ ನಡೂಗೆ ಬೇಕೇ ಬೇಕ್," ಎಂದು ದಾಸು ಮೂರು ಸಲ ಹೇಳಿದ.

"ಒಂದ್ ಸಲ ಹೇಳಿರೆ ಸಾಕ್ ಮಾರಾಯ, ನಾ ಎಂತ ಸಣ್ಣ ಮಗುವಾ?" ಎಂದ ಹೆರಿಯಣ್ಣ.

ಗುಡ್ಡೆಯ ಕೆಳಗೇ ಅಳಿವೆ, ಹೊಳೆ ಕಡಲಿಗೆ ಸೇರುವ ಬಾಯಿ. ಅಲ್ಲಿ ಮರಳು ದಿಬ್ಬ ಕಟ್ಟಿ ಅಲೆ ಒಡೆಯುತ್ತದೆ. ಮೀನು ತುಂಬಿದ ಬೋಟು ತಪ್ಪು ಅಲೆಯ ಬೆನ್ನು ಹತ್ತಿದರೆ ಮಗುಚುತ್ತದೆ. ದೊಡ್ಡ ಅಲೆಗಳು ಸಾಲಾಗಿ ಬಂದು ಹೋದ ಮೇಲೆ ಕಡಲು ಒಂದು ಗಳಿಗೆ ಉಸಿರು ಹಿಡಿಯುತ್ತದೆ. ಆಗ ಒಳಗೆ ನುಗ್ಗಬೇಕು. ಕೆಳಗಿರುವ ಬೋಟಿಗೆ ಹಿಂದಿನ ಅಲೆ ಕಾಣುವುದಿಲ್ಲ, ಗುಡ್ಡೆಯ ಮೇಲೆ ಕುಳಿತ ಗುಲಾಬಿಗೆ ಕಾಣುತ್ತಿತ್ತು. ಅವಳು ಕಿಟಕಿಯ ಹತ್ತಿರ ನನ್ನ ಮೈಕು ಹಿಡಿದು, "ನಿಲ್ಲಿ... ನಿಲ್ಲಿ... ಹಾಂ, ಈಗ ಬನ್ನಿ!" ಎನ್ನುತ್ತಿದ್ದಳು. ಬೋಟು ಬರುತ್ತಿತ್ತು. ಹದಿನೆಂಟು ವರ್ಷ ಅವಳು ಹೀಗೆ ಅಳಿವೆ ದಾಟಿಸಿದಳು. ಒಂದು ಸಲವೂ ತಪ್ಪಲಿಲ್ಲ.

ತಪ್ಪುತ್ತಿದ್ದದ್ದು ಹೆರಿಯಣ್ಣನ ಹೆಬ್ಬೆರಳು. ನಮ್ಮ ಮೈಕಿನಲ್ಲಿ ಒಂದು ಗುಂಡಿ ಇದೆ. ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಒತ್ತಿಯೇ ಇದ್ದರೆ ಆ ಕಡೆಯವರು ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಹಗ್ಗ ಎಳೆದು ಎಳೆದು ಗಟ್ಟಿಯಾದ ಆ ಹೆಬ್ಬೆರಳು ಗುಂಡಿಯ ಮೇಲೆ ಕುಳಿತರೆ ಏಳುತ್ತಿರಲಿಲ್ಲ. "ಹ್ವಾಯ್, ಕೇಂತಾ? ಕೇಂತಾ?" ಎಂದು, ಅಂದರೆ ಕೇಳಿಸುತ್ತಾ ಎಂದು, ಅವನು ಕೂಗಿದ್ದೇ ಕೂಗಿದ್ದು. ಕೊನೆಗೆ ಗುಲಾಬಿ ಅಂಗಳಕ್ಕೆ ಹೋಗಿ, ಹಗ್ಗದ ಮೇಲೆ ಒಣಗುತ್ತಿದ್ದ ಅವನದೇ ಪಂಚೆಯನ್ನು ಎತ್ತಿ ಬೀಸುತ್ತಿದ್ದಳು. ಬೋಟಿನವರಿಗೆ ಅದು ಅಭ್ಯಾಸವಾಗಿತ್ತು. "ತಾಂಡೇಲ್ರೆ, ಗುಲಾಬಕ್ಕ ಪಂಚಿ ಹಾರಿಸ್ತಿದ್ರ್. ಹೆಬ್ಬೆಟ್ ತೆಗಿನಿ!"

ಒಮ್ಮೆ ಗುಲಾಬಿಯೂ ಸಿಕ್ಕಿಬಿದ್ದಳು. ಮೈಕನ್ನು ಮಂಚದ ಮೇಲಿಟ್ಟು, ಅದರ ಮೇಲೆ ಬಟ್ಟೆಯ ಗಂಟಿಟ್ಟು, ಪಕ್ಕದ ಮನೆಯವಳೊಡನೆ ಮಾತಿಗೆ ಕುಳಿತಳು. ಗುಂಡಿ ಒತ್ತಿಕೊಂಡೇ ಇತ್ತು. "ನಮ್ಮನಿಯವ್ರ್ ಕಡಲಿಗ್ ಹೆದ್ರುದಿಲ್ಲೆ ಕಾಣ್. ಜಿರಳಿ ಕಂಡ್ರೆ ಮಾತ್ರ ಮಂಚ ಹತ್ತಿ ನಿಂತ್ಕಂತ್ರ್," ಎಂದಳು. ಬೋಟಿನಲ್ಲಿದ್ದ ಹತ್ತು ಜನರೂ ಬಲೆ ಬಿಟ್ಟು ನಕ್ಕರಂತೆ. ಒಂದು ವಾರ ಬೋಟಿನಲ್ಲಿ ಯಾರೂ ತಾಂಡೇಲನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ. ಕೊಟ್ಟರೆ ನಗು ಬರುತ್ತಿತ್ತು.

ಆಮೇಲೆ ಅಳಿವೆಗೆ ಕಲ್ಲಿನ ತಡೆಗೋಡೆ ಬಂತು. ಅಲೆ ಸೌಮ್ಯವಾಯಿತು. ಬೋಟಿನವರ ಕೈಗೆ ಸಣ್ಣ ಸೆಟ್ಟುಗಳು ಬಂದವು, ಮೊಬೈಲು ಬಂತು. ಹೆರಿಯಣ್ಣನ ಬೋಟು ಹಳತಾಗಿ ಗುಜರಿಗೆ ಹೋಯಿತು. ಅವಳಿ ಮನೆಗೆ ಬಂದು ನನ್ನ ಪಕ್ಕ ಕುಳಿತಿತು. ಗುಲಾಬಿ ಭಾನುವಾರಕ್ಕೊಮ್ಮೆ ನಮ್ಮನ್ನು ಒರೆಸಿ, ಹತ್ತು ನಿಮಿಷ ಉರಿಸಿ ಇಡುತ್ತಿದ್ದಳು. ಹೆರಿಯಣ್ಣನಿಗೆ ಅದೆಲ್ಲ ತಿಳಿಯದು. ಕೆಂಪು ಪೆಟ್ಟಿಗೆ ಒಳ್ಳೆಯ ಭಾರವಿದೆಯೆಂದು ಒಂದು ದಿನ ಅದನ್ನು ಒಯ್ದು, ಉಪ್ಪಿಗೆ ಹಾಕಿದ ಮಾವಿನ ಭರಣಿಯ ಮೇಲೆ ಹೇರಿದ.

ಅದೇ ವಾರ ಗುಲಾಬಿ ತನ್ನ ಅಕ್ಕನ ಮನೆಗೆ ಹೋಗಿದ್ದಾಗ ನೆಂಟರು ಬಂದರು. ಹೆರಿಯಣ್ಣನಿಗೆ ಹಳೆಯ ವೈಭವ ತೋರಿಸುವ ಆಸೆಯಾಯಿತು. ನನ್ನನ್ನು ಎತ್ತಿ ನಡುಮನೆಯಲ್ಲಿಟ್ಟ. ಸೀದಾ ಗೋಡೆಗೆ ಚುಚ್ಚಿದ.

"ಅರ್ಧ ನಿಮಿಷ ಕಾಯ್ಕ್. ಇದ್ ರಾಜರ ಹಾಂಗೆ, ನಿಧಾನಕ್ಕೆ ಏಳ್ತ್," ಎಂದ.

ನನ್ನ ಟ್ರಾನ್ಸ್‌ಫಾರ್ಮರು ಗುಂಯ್ಯೆಂದಿತು. ಬೆನ್ನಿನಿಂದ ಹೊಗೆ ಎದ್ದಿತು.

ನೆಂಟರಲ್ಲೊಬ್ಬರು ಮೂಗು ಮುಚ್ಚಿಕೊಂಡು, "ರಾಜರ್ ಬೀಡಿ ಸೇದ್ತ್ರಾ ಹ್ಯಾಂಗೆ?" ಎಂದರು.

ಮರುದಿನ ಬೆಳಿಗ್ಗೆಯೇ ಹೆರಿಯಣ್ಣ ನನ್ನನ್ನು ಗುಜರಿಯ ಅಬ್ಬು ಸಾಯ್ಬರ ಕೈಗಾಡಿಗೆ ಹಾಕಿಬಿಟ್ಟ. ಹೆಂಡತಿಗೆ ಏನು ಹೇಳಿದನೆಂದು ನನಗೆ ಆಗ ಗೊತ್ತಿರಲಿಲ್ಲ.

ಎರಡು ವರ್ಷ ಸಾಯ್ಬರ ಹಿತ್ತಲಲ್ಲಿದ್ದೆ. ಬಂದ ಸಾಮಾನೆಲ್ಲ ಒಂದೆರಡು ದಿನದಲ್ಲಿ ಒಡೆದು ಚೂರಾಗಿ ಹೋಗುತ್ತಿತ್ತು. ನನ್ನ ಮೇಲೆ ಮಾತ್ರ ಸಾಯ್ಬರು ಟಾರ್ಪಾಲು ಹೊದಿಸಿ ಮೂಲೆಯಲ್ಲಿಟ್ಟಿದ್ದರು. ಯಾಕೆಂದು ನನಗೆ ಅರ್ಥವಾಗಲಿಲ್ಲ. ಆ ಟಾರ್ಪಾಲಿನೊಳಗೆ ಒಂದು ಇಲಿ ಸಂಸಾರ ಹೂಡಿತು. ನನ್ನ ತಂತಿಗಳ ಮೇಲಿನ ಬಟ್ಟೆಯನ್ನು ಕಚ್ಚಿ ಮರಿಗಳಿಗೆ ಹಾಸಿಗೆ ಮಾಡಿತು. ಮರಿಗಳು ಚೆನ್ನಾಗಿ ಬೆಳೆದವು ಎಂಬುದಷ್ಟೇ ಸಮಾಧಾನ.

ಒಂದು ಸೋಮವಾರ ಸಾಯ್ಬರು ಎರಡು ಸುಟ್ಟ ಮೋಟಾರುಗಳ ಜೊತೆ ನನ್ನನ್ನೂ ಹೇರಿಕೊಂಡು ಕುಂದಾಪುರದ ವೈಂಡಿಂಗ್ ಅಂಗಡಿಗೆ ಬಂದರು. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಅದು. ಮಾಲೀಕರು ವಾಮನ ಆಚಾರ್ರು. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು.

"ಆಚಾರ್ರೆ, ಇದನ್ನ ಒಂಚೂರ್ ಕಾಣಿ. ಆತಿಲ್ಲೆ ಅಂದ್ರೆ ಶನಿವಾರ ಕೊಂಡ್ಹೋಯಿ ಒಡಿತೆ. ಒಳಗೆ ಒಳ್ಳೆ ತಾಮ್ರ ಇತ್ತ್," ಎಂದರು ಸಾಯ್ಬರು.

ಅಲ್ಲಿ ನಾನು ಸುಗಂಧಿಯನ್ನು ಮೊದಲು ನೋಡಿದೆ. ಇಪ್ಪತ್ತು ವರ್ಷದ ಹುಡುಗಿ. ಎಂಟನೆಯ ತರಗತಿಯಲ್ಲಿ ಎದ್ದು ನಿಂತು ಪಾಠ ಓದಲು ಹೇಳಿದಾಗಲೆಲ್ಲ ಅವಳ ಗಂಟಲು ಕಟ್ಟುತ್ತಿತ್ತು, ಮಕ್ಕಳು ನಗುತ್ತಿದ್ದರು. ಅವಳು ಶಾಲೆ ಬಿಟ್ಟಳು. ಮೂರು ವರ್ಷದಿಂದ ಈ ಅಂಗಡಿಯಲ್ಲಿದ್ದಳು. ಸುಟ್ಟ ಮೋಟಾರಿನಿಂದ ಹಳೆ ತಂತಿ ಬಿಚ್ಚುವುದು, ಎಷ್ಟು ಸುತ್ತು ಇತ್ತೆಂದು ಎಣಿಸಿ ಹಲಗೆಯ ಮೇಲೆ ಬಳಪದಲ್ಲಿ ಬರೆಯುವುದು ಅವಳ ಕೆಲಸ. ಎಣಿಸುವಾಗ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಹೊಸ ತಂತಿ ಸುತ್ತುವ ಕೈಯಂತ್ರದ ಮುಂದೆ ಆಚಾರ್ರು ಮಾತ್ರ ಕೂರುತ್ತಿದ್ದರು. ಸುಗಂಧಿ ಮೂಲೆಯಿಂದ ಆ ಯಂತ್ರವನ್ನೇ ನೋಡುತ್ತಿದ್ದಳು. ನನಗೊಂದು ಅವಕಾಶ ಕೊಡಿ ಎಂದು ಕೇಳಲು ಅವಳಿಗೆ ಮೂರು ವರ್ಷ ಸಾಕಾಗಿರಲಿಲ್ಲ.

ಅವಳು ನನ್ನ ಮುಚ್ಚಳ ತೆಗೆದು ಬ್ರಷ್ಷಿನಿಂದ ಇಲಿಯ ಹಾಸಿಗೆಯನ್ನು ಗುಡಿಸಿದಳು. ಆ ಬೆಸುಗೆಯ ಹನಿ ಕಂಡಿತು. ಉಗುರಿನಿಂದ ಮುಟ್ಟಿ ನೋಡಿ, ಒಬ್ಬಳೇ ನಕ್ಕು, ಹಾಗೇ ಬಿಟ್ಟಳು.

ಮಂಗಳವಾರ ಹೆರಿಯಣ್ಣ ಸುಟ್ಟ ಪಂಪು ಹೊತ್ತುಕೊಂಡು ಅದೇ ಅಂಗಡಿಗೆ ಬಂದ. ಮೇಜಿನ ಮೇಲೆ ನನ್ನನ್ನು ಕಂಡವನೇ ಪಂಪನ್ನು ಕಾಲ ಮೇಲೆ ಬೀಳಿಸಿಕೊಂಡ.

"ಅಯ್ಯೋ! ಇದ್ ಇನ್ನೂ ಬದ್ಕಿತ್ತಾ?"

"ನಿಮ್ದಾ?" ಎಂದರು ಆಚಾರ್ರು.

ಹೆರಿಯಣ್ಣ ಸ್ಟೂಲಿನ ಮೇಲೆ ಕುಸಿದು, ಬೀಡಿ ಸೇದಿದ ರಾಜನ ಕಥೆಯನ್ನು ಪೂರ್ತಿ ಹೇಳಿದ. ಆಗ ನನಗೂ ಉಳಿದದ್ದು ತಿಳಿಯಿತು. "ರಿಪೇರಿಗ್ ಕೊಟ್ಟಿದೆ ಅಂದೆ ಆಚಾರ್ರೆ. ಎರಡ್ ವರ್ಷ ಆಯ್ತ್. ದಿನಾ ಕೇಂತ್ಲ್, ಪಾರ್ಟ್ಸ್ ಬಂತಾ ಅಂದ್ಕಂಡ್. ಬೊಂಬಾಯಿಂದ ಬರ್ಕ್ ಅಂದೆ, ಮದ್ರಾಸಿಂದ ಬರ್ಕ್ ಅಂದೆ. ಇನ್ ಊರೇ ಉಳೀಲಿಲ್ಲ. ಈ ಶುಕ್ರವಾರ ಅಂಗಡಿಗ್ ನಾನೇ ಬತ್ತೆ ಅಂದಿತ್ ಅವ್ಳ್. ಯಾವ ಅಂಗಡಿ ತೋರ್ಸುದ್ ನಾನು? ಹ್ಯಾಂಗಾರೂ ಮಾಡಿ ಮಾತಾಡ್ಸಿ ಕೊಡಿ. ನನ್ನ ಮರ್ಯಾದಿ ನಿಮ್ಮ ಕೈಯಲ್ಲಿತ್ತ್."

ಆಚಾರ್ರು ಕನ್ನಡಕ ತೆಗೆದು ಒರೆಸಿದರು. "ಉಳ್ದದ್ದ್ ನಾ ಮಾಡುವೆ. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತಲೆ. ಅದ್ರ ತಂತಿ ಕೂದಲಿನಷ್ಟ್ ಸಪೂರ. ನನ್ ಕಣ್ಣಿಗ್ ಕಾಂತಿಲ್ಲೆ."

"ನಾನ್ ಸುತ್ತ್‌ತೆ."

ಇಬ್ಬರೂ ತಿರುಗಿ ನೋಡಿದರು. ಗೋಡೆಗೆ ಒರಗಿಸಿದ್ದ ಫ್ಯಾನು ಮಾತಾಡಿದ್ದರೂ ಆಚಾರ್ರಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ. ಸುಗಂಧಿ ನೆಲ ನೋಡುತ್ತಿದ್ದಳು.

"ಸುತ್ತುದ್ ಅಂದ್ರೆ ಬಿಚ್ಚಿದ ಹಾಂಗಲ್ಲ ಹೆಣೆ. ಇದನ್ನ ಸುಟ್ರೆ ಮತ್ತೆ ಆ ಮೆಷಿನ್ ಮುಟ್ಟುಕಾಗ."

ಅವಳು ತಲೆ ಆಡಿಸಿದಳು.

"ಇದ್ ಮಾತಾಡ್ತಾ? ಆ ಮೆಷಿನ್ ನಿಂದೇ."

ಅವಳು ಆಗಲೇ ಸ್ಕ್ರೂ ಬಿಚ್ಚಲು ಶುರು ಮಾಡಿದ್ದಳು.

ಎಷ್ಟು ಬಿಚ್ಚಿತೋ ಅಷ್ಟೇ ಸುತ್ತು: ಇದು ಆಚಾರ್ರ ಅಂಗಡಿಯ ಶಾಸನ. ನಲವತ್ತು ವರ್ಷ ಅವರು ಈ ಮಾತಿನ ಮೇಲೇ ಬದುಕಿದ್ದರು. ಸುಗಂಧಿ ಬುಧವಾರ ಮಧ್ಯಾಹ್ನದೊಳಗೆ ಸುಟ್ಟ ತಂತಿಯನ್ನೆಲ್ಲ ಬಿಚ್ಚಿದಳು. ಕರೆಂಟು ಒಳಗೆ ಬರುವ ಸುರುಳಿಯಲ್ಲಿ ನಾನೂರ ಇಪ್ಪತ್ತು ಸುತ್ತು. ಹಲಗೆಯ ಮೇಲೆ ಬರೆದಳು. ಆದರೆ ಸುತ್ತಲು ಕೂರಲಿಲ್ಲ. ನನ್ನ ಬೆನ್ನಿನ ತಗಡಿನ ಮೇಲೆ ಬರೆದಿದ್ದ ನೂರ ಹದಿನೇಳು ಎಂಬ ಅಂಕಿಯನ್ನು ನೋಡಿದಳು. ಗೋಡೆಯ ಪ್ಲಗ್ಗನ್ನು ನೋಡಿದಳು. ಹೆರಿಯಣ್ಣ ಹೇಳಿದ್ದ ಮಾವಿನ ಭರಣಿಯ ಮೇಲಿನ ಪೆಟ್ಟಿಗೆ ಅವಳ ತಲೆಯಲ್ಲಿ ಸುತ್ತುತ್ತಿತ್ತೆಂದು ನನಗೆ ಕಂಡಿತು. ಆಮೇಲೆ ಅವಳು ಎದ್ದು, ಹಳೆಯದಕ್ಕಿಂತ ಇನ್ನೂ ಸಪೂರದ ತಂತಿಯ ಉಂಡೆಯನ್ನು ಆರಿಸಿಕೊಂಡು ಯಂತ್ರದ ಮುಂದೆ ಕುಳಿತಳು.

ಮೆಲ್ಲಗೆ ಹಿಡಿ ತಿರುಗಿಸಿದಳು. ತಂತಿ ತಂತಿಯ ಪಕ್ಕ ಶಿಸ್ತಾಗಿ ಮಲಗಿತು. ಪ್ರತಿ ಪದರಕ್ಕೂ ಕಾಗದ. ನೂರಾದಾಗಲೆಲ್ಲ ಒಂದು ಹುಣಸೆ ಬೀಜ ಡಬ್ಬಿಗೆ. ಗುರುವಾರ ಬೆಳಿಗ್ಗೆ ಆಚಾರ್ರು ಹಲಗೆ ನೋಡಿ ಗಾಬರಿಯಾದರು. ಉಳಿದ ಸುರುಳಿಗಳ ಲೆಕ್ಕ ಹಳೆಯದರಂತೆಯೇ ಇತ್ತು. ಮೊದಲನೆಯದರಲ್ಲಿ ಬಿಚ್ಚಿದ್ದು ನಾನೂರ ಇಪ್ಪತ್ತು, ಸುತ್ತಿದ್ದು ಎಂಟುನೂರ ನಲವತ್ತು.

"ಎಂತ ಹೆಣೆ ಇದು! ಎರಡ್ ಸಲ ಎಣ್ಸಿದ್ಯಾ?"

ಸುಗಂಧಿ ತಗಡಿನ ಅಂಕಿಯ ಮೇಲೆ ಬೆರಳಿಟ್ಟಳು. ಆಮೇಲೆ ಗೋಡೆಯ ಪ್ಲಗ್ಗಿನ ಕಡೆ ತೋರಿಸಿದಳು. "ಕರೆಂಟ್ ಎರಡರಷ್ಟ್. ಅದಕೇ ಸುತ್ತೂ ಎರಡರಷ್ಟ್. ಇನ್ ಕೆಂಪು ಪೆಟ್ಗಿ ಬ್ಯಾಡ."

ಆಚಾರ್ರು ಹಲಗೆಯ ಎರಡೂ ಅಂಕಿಗಳ ಮೇಲೆ ಬೆರಳಾಡಿಸಿದರು. "ಇದ್ದ ಹಾಂಗೇ ಸುತ್ತಿದ್ರೆ?"

"ಮತ್ತೆ ಬೀಡಿ ಸೇದ್ತಿತ್ತ್."

ಅದು ಆ ಅಂಗಡಿಯಲ್ಲಿ ಅವಳು ಮಾಡಿದ ಮೊದಲ ತಮಾಷೆ. ಆಚಾರ್ರು ನಕ್ಕ ರಭಸಕ್ಕೆ ಕನ್ನಡಕ ಜಾರಿತು. ಆದರೆ ನಗು ಮುಗಿದ ಮೇಲೆ, "ಕಾಂಬ, ಕಾಂಬ," ಎಂದರು. ನಲವತ್ತು ವರ್ಷದ ಶಾಸನವನ್ನು ಒಂದು ನಗುವಿಗೆ ಬಿಟ್ಟುಕೊಡುವವರಲ್ಲ ಅವರು.

ಆಚಾರ್ರು ಒಣಗಿಹೋದ ಕೆಪಾಸಿಟರುಗಳನ್ನು ತೆಗೆದು ಹೊಸದು ಬೆಸೆದರು. ಇಲಿ ಕಚ್ಚಿದ ತಂತಿಗಳನ್ನು ಬದಲಿಸಿದರು. ಒಡೆದಿದ್ದ ಒಂದು ವಾಲ್ವಿಗೆ ಜೋಡಿ ಅವರ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿಯೊಳಗೆ ಮಲಗಿತ್ತು. ಮಹಡಿಯ ಮೇಲೆ ಅಲ್ಯೂಮಿನಿಯಂ ಪೈಪು ನಿಲ್ಲಿಸಿ ಏರಿಯಲ್ ಮಾಡಿದರು.

ಶುಕ್ರವಾರ ಹತ್ತೂವರೆಗೆ ಹೆರಿಯಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಹೇಗೋ ಗುಲಾಬಿಯನ್ನು ಒಪ್ಪಿಸಿದ್ದ: ಅವಳು ಮನೆಯಲ್ಲೇ ಅವಳಿಯ ಮುಂದೆ ಕೂರಬೇಕು, ಹನ್ನೊಂದಕ್ಕೆ ಇಲ್ಲಿಂದ ಕರೆ ಬರುತ್ತದೆ. "ಹನ್ನೆರಡರ ಒಳಗೆ ಮಾತು ಕೇಣದಿದ್ರೆ ಬಸ್ ಹತ್ತ್‌ತೆ ಅಂದಿತ್," ಎಂದು ಬೆವರು ಒರೆಸಿಕೊಂಡ.

ಸುಟ್ಟ ಸಾಮಾನನ್ನು ಮೊದಲ ಸಲ ಪರೀಕ್ಷಿಸಲು ಅಂಗಡಿಯಲ್ಲೊಂದು ಉಪಾಯವಿದೆ. ಕರೆಂಟನ್ನು ಒಂದು ಬಲ್ಬಿನ ಮೂಲಕ ಹಾಯಿಸುತ್ತಾರೆ. ಒಳಗೆ ತಪ್ಪಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸರಿಯಿದ್ದರೆ ಮಂಕಾಗುತ್ತದೆ. ಸುಗಂಧಿ ಸ್ವಿಚ್ ಹಾಕಿದಳು. ಬಲ್ಬು ಝಗ್ಗೆಂದಿತು.

"ತೆಗಿ! ತೆಗಿ!" ಎಂದರು ಆಚಾರ್ರು.

"ಹೊಗಿ ಬತ್ತಾ? ಹೊಗಿ ಬತ್ತಾ?" ಹೆರಿಯಣ್ಣ ಬಾಗಿಲಿಗೆ ಹೋಗಿ ನಿಂತಿದ್ದ.

ಸುಗಂಧಿಯ ಕೈ ಸ್ವಿಚ್ಚಿನ ಮೇಲಿತ್ತು. ಅವಳು ತೆಗೆಯಲಿಲ್ಲ. "ನಿಲ್ಲಿ. ಇದ್ಕೆ ಅರ್ಧ ನಿಮಿಷ ಬೇಕ್."

ಯಾರೋ ನನ್ನ ಪರವಾಗಿ ಆ ಮಾತು ಹೇಳಿ ಎಷ್ಟು ಕಾಲವಾಗಿತ್ತು! ತಣ್ಣಗಿದ್ದ ನನ್ನ ವಾಲ್ವುಗಳು ಬಾಯಾರಿದವರಂತೆ ಕರೆಂಟು ಕುಡಿದವು. ಒಂದೊಂದಾಗಿ ಕೆಂಪಾದವು. ಬಲ್ಬು ಹಳದಿಯಾಯಿತು, ಕಂದಿತು, ಕೊನೆಗೆ ಒಳಗಿನ ತಂತಿ ಮಾತ್ರ ಎಳೆ ಕೆಂಪಗೆ ಉಳಿಯಿತು. ಸುಗಂಧಿ ಬಲ್ಬನ್ನು ತಪ್ಪಿಸಿ ನನ್ನನ್ನು ಸೀದಾ ಗೋಡೆಗೆ ಚುಚ್ಚಿದಳು. ಹೊಗೆ ಬರಲಿಲ್ಲ. ನನ್ನ ಗಂಟಲಿನಿಂದ ಸೊರ್ರೆಂದು ಕಡಲಿನ ಸದ್ದು ಬಂತು.

ಹೆರಿಯಣ್ಣ ಓಡಿ ಬಂದು ಮೈಕು ಹಿಡಿದ. "ಹ್ವಾಯ್! ಗುಲಾಬಿ! ಕೇಂತಾ? ನಾನ್ ಮಾತಾಡುದ್. ಕೇಂತಾ?"

ಉತ್ತರವಿಲ್ಲ.

"ಕೇಂತಾ? ರಿಪೇರಿ ಆಯ್ತ್! ಕೇಂತಾ?"

ಐದು ನಿಮಿಷವಾಯಿತು. ಆಚಾರ್ರ ಮುಖ ಇಳಿಯಿತು. "ಎಲ್ಲೋ ತಪ್ಪಿತ್ತ್ ಹೆಣೆ," ಎಂದು ಮೆಲ್ಲಗೆ ಹೇಳಿದರು. ನಾನು ಕೂಗಿ ಹೇಳಬೇಕೆಂದುಕೊಂಡೆ. ಹೇಳಲಾಗಲಿಲ್ಲ. ಆದರೆ ಸುಗಂಧಿ ನನ್ನನ್ನು ನೋಡುತ್ತಿರಲಿಲ್ಲ, ಹೆರಿಯಣ್ಣನ ಕೈಯನ್ನು ನೋಡುತ್ತಿದ್ದಳು. ಅವಳು ಹತ್ತಿರ ಬಂದು, ಎರಡು ಬೆರಳಿನಿಂದ ಅವನ ಹೆಬ್ಬೆರಳನ್ನು ಗುಂಡಿಯ ಮೇಲಿಂದ ಎತ್ತಿದಳು.

"...ಹೆಬ್ಬೆಟ್ ತೆಗಿನಿ ಮಾರಾಯ್ರೆ! ಇಲ್ಲಿಂದ ಪಂಚಿ ಹಾರ್ಸಿದ್ರೆ ಕುಂದಾಪ್ರಕ್ಕೆ ಕಾಂತಿಲ್ಲೆ!"

ಗುಲಾಬಿಯ ದನಿ ಅಂಗಡಿಯ ತುಂಬ ತುಂಬಿತು. ಆಚಾರ್ರು ಸುಗಂಧಿಯ ತಲೆಯ ಮೇಲೆ ಕೈಯಿಟ್ಟರು. ಹೆರಿಯಣ್ಣ ಕಣ್ಣೊರೆಸಿಕೊಂಡು, ಈ ಸಲ ತೋರುಬೆರಳಿನಿಂದ ಗುಂಡಿ ಒತ್ತಿ, "ಪಾರ್ಟ್ಸ್ ಬಂತ್ ಕಾಣ್. ಮದ್ರಾಸಿಂದ," ಎಂದು, ಬಿಟ್ಟ.

"ಮದ್ರಾಸ್ ಎಲ್ಲಿತ್, ಅಬ್ಬು ಸಾಯ್ಬರ ಹಿತ್ಲಲ್ಲಾ?" ಎಂದಳು ಗುಲಾಬಿ. "ನೀವ್ ಮಾರಿದ ವಿಷ್ಯ ನಾ ಅಕ್ಕನ ಮನಿಂದ ಬಂದ ದಿನವೇ ಅವ್ರ್ ಬಂದ್ ಹೇಳಿದ್ರ್. ಒಡಿಬೇಡಿ, ಮುಚ್ಚಿ ಇಡಿ ಅಂದೆ. ನೀವಾಗೇ ಹೇಳ್ತ್ರಾ ಕಾಂಬ ಅಂದ್ಕಂಡ್ ಎರಡ್ ವರ್ಷ ಪಾರ್ಟ್ಸ್ ಕೇಂಡೆ. ನೀವ್ ಊರ್ ಊರ್ ತಿರ್ಗಿದ್ರಿ, ಬಾಯಿ ಬಿಡ್ಲಿಲ್ಲ. ಕಡಿಗೆ ನಾನೇ ಸಾಯ್ಬರಿಗೆ ಆಚಾರ್ರ ಅಂಗಡಿಗ್ ಹಾಕಿ ಅಂದೆ."

ಟಾರ್ಪಾಲು ಯಾಕೆಂದು ನನಗೆ ಆಗ ತಿಳಿಯಿತು. ಹೆರಿಯಣ್ಣ ಜಿರಳೆ ಕಂಡವನಂತೆ ಸ್ಟೂಲಿನ ಮೇಲೆ ಮುದುಡಿದ.

"ಅದ್ ಇರ್ಲಿ. ಸುತ್ತಿದ್ ಯಾರ್? ದನಿ ಮೊದಲಿಗಿಂತ ಲಾಯ್ಕ್ ಇತ್ತ್."

ಆಚಾರ್ರು ಮೈಕನ್ನು ಸುಗಂಧಿಯ ಕೈಗೆ ಕೊಟ್ಟರು. ಅವಳು ಗುಂಡಿ ಒತ್ತಿದಳು. ಏನೂ ಬರಲಿಲ್ಲ. ಬಿಟ್ಟಳು. ಆ ಕಡೆಯಿಂದ ಯಾರೂ ನಗಲಿಲ್ಲ. ಗುಲಾಬಿ ಸುಮ್ಮನೆ ಕಾದಳು. ವಾಲ್ವು ಬಿಸಿಯಾಗಲು ಕಾದು ರೂಢಿಯಿದ್ದವಳು. ಸುಗಂಧಿ ಮತ್ತೆ ಒತ್ತಿದಳು.

"ನಾನ್. ಸುಗಂಧಿ."

ಹೆರಿಯಣ್ಣ ಅಂದೇ ನನ್ನನ್ನು ಮನೆಗೆ ಒಯ್ಯಲು ಹೊರಟ. ಗುಲಾಬಿ ಬಿಡಲಿಲ್ಲ. "ಎರಡೂ ಇಲ್ಲೇ ಇದ್ರೆ ಯಾರ ಹತ್ರ ಮಾತಾಡುದ್? ಒಂದ್ ಆ ಹೆಣ್ಣಿನ ಹತ್ರವೇ ಇರ್ಲಿ." ಆಚಾರ್ರು ತಮ್ಮ ಸ್ಟೂಲನ್ನು ಯಂತ್ರದ ಮುಂದಿನಿಂದ ಎಳೆದು ಬಾಗಿಲ ಹತ್ತಿರ ಹಾಕಿಕೊಂಡರು. ಆ ಜಾಗಕ್ಕೆ ಸುಗಂಧಿಯ ಸ್ಟೂಲು ಬಂತು.

ಈಗ ನಾನು ಆ ಯಂತ್ರದ ಪಕ್ಕದ ಕಿಟಕಿಯಲ್ಲಿದ್ದೇನೆ. ದಿನಾ ಸಂಜೆ ನಾಲ್ಕಕ್ಕೆ ಗುಲಾಬಿ ಅವಳಿಯಿಂದ ಮಾತಿಗೆ ಬರುತ್ತಾಳೆ. "ಅಳಿವಿ ಇವತ್ತ್ ಸುಮ್ನಿತ್ತ್," ಎಂದೋ, "ತೆಂಕು ಗಾಳಿ ಎದ್ದಿತ್," ಎಂದೋ ಶುರು ಮಾಡುತ್ತಾಳೆ. ದಾಟಿಸಲು ಬೋಟಿಲ್ಲದಿದ್ದರೂ ಕಡಲನ್ನು ನೋಡುವುದು ಅವಳು ಬಿಟ್ಟಿಲ್ಲ. ಸುಗಂಧಿ ಮೊದಮೊದಲು ಎರಡು ಮಾತು ಹೇಳುತ್ತಿದ್ದಳು. ಈಗ ಆಚಾರ್ರು, "ಇದ್ ಯಾವ ವ್ಯಾಪಾರ ಹೆಣೆ, ಪಂಪಿನವ್ರ್ ಕಾಯ್ತಿದ್ರ್!" ಎಂದು ಗೊಣಗುವಷ್ಟಾಗಿದೆ. ಎಣಿಸುವಾಗ ದನಿಯೂ ಬಂದಿದೆ.

ಹೋದ ತಿಂಗಳು ಒಂದು ದಿನ ಅವಳು ಮರೆತು ಮೈಕಿನ ಮೇಲೆ ತಂತಿಯ ಉಂಡೆ ಇಟ್ಟಳು. ಗುಂಡಿ ಒತ್ತಿಕೊಂಡಿತು. ಅವಳು ಇಡೀ ಮಧ್ಯಾಹ್ನ ಎಣಿಸಿದ್ದು, ನಡುನಡುವೆ ಗುನುಗಿದ್ದು ಎಲ್ಲವನ್ನೂ ನಾನು ಗುಡ್ಡೆಗೆ ಮುಟ್ಟಿಸಿದೆ. ನನಗೆ ತಡೆಯಲು ಬರುವುದಿಲ್ಲವಲ್ಲ.

ಮರುದಿನ ನಾಲ್ಕಕ್ಕೆ ಗುಲಾಬಿ ಹೇಳಿದಳು: "ಹೆಣೆ, ನೀ ನಿನ್ನೆ ಇನ್ನೂರ ಹನ್ನೆರಡ್ ಆದ್ಮೇಲೆ ಇನ್ನೂರ ಹದಿನಾಲ್ಕ್ ಅಂದೆ. ಹದಿಮೂರ್ ಹೇಳ್ಲೇ ಇಲ್ಲ."

ಸುಗಂಧಿ ಕೆಂಪಾದಳು. ಎದ್ದುಹೋಗಿ ನಿನ್ನೆಯ ಸುರುಳಿಯನ್ನು ತಂದು ಪದರ ಪದರವಾಗಿ ಬಿಚ್ಚಿದಳು. ನಿಜವಾಗಿಯೂ ಒಂದು ಸುತ್ತು ಕಡಿಮೆಯಿತ್ತು. ಒಂದು ಸುತ್ತಿನಿಂದ ಪಂಪಿಗೆ ಏನೂ ಆಗದು ಎಂದರು ಆಚಾರ್ರು. ಅವಳು ಕೇಳಲಿಲ್ಲ. ಮತ್ತೆ ಮೊದಲಿನಿಂದ ಸುತ್ತಿದಳು.

ನನಗೆ ವಯಸ್ಸಾಯಿತು. ಮಳೆಗಾಲದಲ್ಲಿ ದನಿ ಸ್ವಲ್ಪ ಕರಕರ ಎನ್ನುತ್ತದೆ. ಹೊಸ ವಾಲ್ವು ಎಲ್ಲಿಯೂ ಸಿಗುವುದಿಲ್ಲ. ಒಂದು ದಿನ ಬಿಸ್ಕತ್ತಿನ ಡಬ್ಬಿಯೂ ಖಾಲಿಯಾಗುತ್ತದೆ. ಅದಕ್ಕೆ ಈಗಲೇ ಚಿಂತಿಸುವುದಿಲ್ಲ. ಎಷ್ಟೋ ಜನರ ಮಾತು ಹೊತ್ತಿದ್ದೇನೆ. ಒಂದು ಸುತ್ತು ತಪ್ಪಿದ್ದು ಕೂಡ ಗೊತ್ತಾಗುವ ಹಾಗೆ ಒಬ್ಬರು ಇನ್ನೊಬ್ಬರನ್ನು ಕೇಳಿದ್ದನ್ನು ಹೊತ್ತದ್ದು ಮಾತ್ರ ಇದೇ ಮೊದಲು.

ಆ ದಿನದಿಂದ ಸುಗಂಧಿ ದೊಡ್ಡ ಸುರುಳಿ ಸುತ್ತಲು ಕುಳಿತಾಗಲೆಲ್ಲ ತಂತಿಯ ಉಂಡೆ ಮೈಕಿನ ಮೇಲಿರುತ್ತದೆ. ಅದು ಮರೆತು ಇಟ್ಟದ್ದಲ್ಲ ಎಂದು ನನಗೆ ಗೊತ್ತು.